ರನ್‌ವೇ ಬದಿಯ ಹೆಬ್ಬಾತುಗಳೂ ಊರಿನ ಬಂದೂಕು ಕಾನೂನೂ

ವಿಮಾನ ನಿಲ್ದಾಣದಲ್ಲಿ ಕೆಲಸ ಎಂದ ಕೂಡಲೇ ನಮ್ಮ ಜನ ಮೊದಲು ಕೇಳುತ್ತಿದ್ದದ್ದು, “ಟಿಕೆಟ್‌ನ್ಯಾಗ ಏನರ ಡಿಸ್ಕೌಂಟ್ ಸಿಗತೈತೇನ್ರಿ?” ಎಂದು. ಇಲ್ಲ ಎಂದರೆ, “ಹಂಗಾದ್ರ ಅಲ್ಲಿ ಏನ್ ಮಾಡ್ತೀರಿ?” “ಹಕ್ಕಿ ಓಡಸ್ತೀನ್ರಿ” ಎನ್ನುತ್ತಿದ್ದೆ. ಕೆಲವರು ನಗುತ್ತಿದ್ದರು. ಕೆಲವರು ಕನಿಕರಪಟ್ಟು ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತಿದ್ದರು. ಕೃಷಿ ಪದವಿ ಮಾಡಿದ ಹೆಣ್ಣುಮಗಳಿಗೆ ಪರದೇಶದಲ್ಲಿ ಎಂಥ ಗತಿ ಬಂತು ಎಂಬ ಭಾವ ಅದರಲ್ಲಿರುತ್ತಿತ್ತು. ಹೋಳಿಗೆ ತಿನ್ನುತ್ತಿದ್ದೆ, ಕನಿಕರವನ್ನು ಅಲ್ಲೇ ಬಿಟ್ಟು ಬರುತ್ತಿದ್ದೆ.

ಈಗ ನಿವೃತ್ತಳಾಗಿ ಕೆನಡಾದ ಸ್ಟ್ರೀಟ್ಸ್‌ವಿಲ್ಲಿನ ಮನೆಯಲ್ಲಿದ್ದೇನೆ. ಮೊನ್ನೆ ಅದೇ ಕೆಲಸಕ್ಕೆ ಹೊಸದಾಗಿ ಆಯ್ಕೆಯಾದ ಬೆಳಗಾವಿ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. “ಆಂಟಿ, ಟ್ರೇನಿಂಗ್‌ನ್ಯಾಗ ರೂಲ್ಸ್ ಎಲ್ಲಾ ಹೇಳ್ಕೊಟ್ಟಾರ. ಆದ್ರ ಕೆಲಸ ಖರೇ ಹೆಂಗಿರ್ತದ ಅನ್ನೂದು ಯಾರೂ ಹೇಳವಲ್ರು” ಎಂದಳು. ಅವಳಿಗೆ ಹೇಳಿದ್ದನ್ನು ಸ್ವಲ್ಪ ಬೆಳೆಸಿ ಬರೆಯುತ್ತಿದ್ದೇನೆ. ನಾನು ಯಾವಾಗ ಸೀನಿಯರ್ ಆದೆ, ಗೋಡೆಯ ಮೇಲೆ ಯಾವ ಫಲಕ ತೂಗುಹಾಕಿದರು ಎಂಬುದೆಲ್ಲ ಅವಳಿಗೂ ಬೇಡವಾಗಿತ್ತು, ನಿಮಗೂ ಬೇಡ.

ನಾನು ದುಡಿದದ್ದು ದೊಡ್ಡ ನಿಲ್ದಾಣದಲ್ಲಲ್ಲ. ಟೊರಾಂಟೊ ಸುತ್ತಲಿನ ಊರುಗಳಲ್ಲಿ ಒಂದರ ಅಂಚಿಗಿದ್ದ ಸಣ್ಣ ನಿಲ್ದಾಣ. ಹೆಸರು ಹೇಳುವುದಿಲ್ಲ. ವಿಮಾನ ಹಾರಿಸಲು ಕಲಿಯುವವರು, ಸ್ವಂತ ಜೆಟ್ ಇಟ್ಟುಕೊಂಡ ಶ್ರೀಮಂತರು, ಉತ್ತರದ ದೂರದ ಊರುಗಳಿಂದ ರೋಗಿಗಳನ್ನು ತರುವ ಏರ್ ಆಂಬುಲೆನ್ಸ್ ವಿಮಾನಗಳು, ಇಷ್ಟೇ ಅದರ ಸಂಸಾರ. ಒಂದು ಹೆಬ್ಬಾತು ಎಂಜಿನ್ನಿಗೆ ಸಿಕ್ಕರೆ ಎಂಜಿನ್ ಸಾಯಬಹುದು. ಒಂದು ಹಿಂಡು ಸಿಕ್ಕರೆ ವಿಮಾನವೇ ಬೀಳಬಹುದು. ಕೆನಡಾದ ಹೆಬ್ಬಾತೆಂದರೆ ನಮ್ಮ ಕೆರೆಯ ಬಾತುಕೋಳಿಯಲ್ಲ, ಮೊಣಕಾಲೆತ್ತರದ ಭಾರಿ ಹಕ್ಕಿ. ಅವು ರನ್‌ವೇ ಹತ್ತಿರ ಸುಳಿಯದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವನು ವಾಲ್ಟರ್. ನಮ್ಮ ವಿಭಾಗದ ಮುಖ್ಯಸ್ಥ, ಬಾಗಿಲು ತುಂಬ ನಿಲ್ಲುವ ಆಳು, ಬೇಟೆಗಾರರ ಮನೆತನದವನು. ಇಂಟರ್‌ವ್ಯೂನಲ್ಲಿ ನನ್ನ ಪದವಿಯ ಕಾಗದ ಪಕ್ಕಕ್ಕಿಟ್ಟು, “ಹಕ್ಕಿ ಓಡಿಸಿ ಗೊತ್ತೇ?” ಎಂದು ಕೇಳಿದ. ನವಲಗುಂದದ ಹತ್ತಿರ ನಮ್ಮಪ್ಪನ ಎರೆಹೊಲವಿತ್ತು. ಜೋಳದ ತೆನೆ ಹಾಲು ತುಂಬಿಕೊಳ್ಳುವ ಹೊತ್ತಿಗೆ ನಾನೂ ಅಕ್ಕನೂ ಅಟ್ಟಣಿಗೆ ಹತ್ತಿ ಕವಣೆ ಬೀಸುತ್ತಿದ್ದೆವು. ಅದನ್ನು ಹೇಳಿದೆ. ವಾಲ್ಟರ್ ಎದ್ದು ನಿಂತು, “ಹೇಗೆ ಬೀಸುತ್ತಿದ್ದಿರಿ, ತೋರಿಸಿ” ಎಂದ. ಕುತ್ತಿಗೆಯ ಸ್ಕಾರ್ಫು ತೆಗೆದು, ಅದರ ನಡುವೆ ಅವನ ಮೇಜಿನ ಮೇಲಿದ್ದ ರಬ್ಬರು ಇಟ್ಟು ಬೀಸಿದೆ. ರಬ್ಬರು ಹೋಗಿ ಕ್ಯಾಲೆಂಡರಿಗೆ ಬಡಿಯಿತು. “ಸೋಮವಾರ ಬನ್ನಿ” ಎಂದ.

ಬಂದೂಕಿನ ಲೈಸೆನ್ಸಿಗೆ ಕೋರ್ಸು ಮಾಡಬೇಕಾಯಿತು, ಪರೀಕ್ಷೆ ಬರೆಯಬೇಕಾಯಿತು. ಫೋನಿನಲ್ಲಿ ವಿಷಯ ತಿಳಿದ ನಮ್ಮ ಅವ್ವ, “ಏ ನೀಲವ್ವ, ಬಂದೂಕ ಹಿಡಿಯೂ ಕೆಲಸ ಅಂತೇನ? ಅಳಿಯಂದ್ರು ಏನಂದ್ರು?” ಎಂದು ಗಾಬರಿಯಾದಳು. ನನ್ನ ಗಂಡ ಶ್ರೀಕಂಠ ಮೈಸೂರಿನವರು, ಎಂಜಿನಿಯರು, ಮೆದು ಮಾತಿನ ಮನುಷ್ಯ. ಅವರು ಫೋನ್ ಇಸಿದುಕೊಂಡು, “ಅತ್ತೆ, ಇನ್ಮೇಲೆ ನಾನು ಮನೇಲಿ ಜೋರಾಗಿ ಮಾತಾಡಲ್ಲ ಬಿಡಿ” ಎಂದರು. ನಿಜ ಹೇಳಬೇಕೆಂದರೆ ಬಂದೂಕನ್ನು ನಾವು ಎತ್ತುತ್ತಿದ್ದದ್ದು ಅಪರೂಪಕ್ಕೆ. ದಿನನಿತ್ಯದ ಆಯುಧವೆಂದರೆ ಸಣ್ಣದೊಂದು ಪಿಸ್ತೂಲು. ಅದರಿಂದ ಗುಂಡು ಹಾರುವುದಿಲ್ಲ, ಪಟಾಕಿ ಹಾರುತ್ತದೆ. ಒಂದು ಬಗೆಯದು ದೂರ ಹೋಗಿ ಢಮ್ಮೆನ್ನುತ್ತದೆ, ಅದು ಬ್ಯಾಂಗರ್. ಇನ್ನೊಂದು ಉದ್ದಕ್ಕೂ ಕಿರುಚಿಕೊಂಡು ಹೋಗುತ್ತದೆ, ಅದು ಸ್ಕ್ರೀಮರ್.

ಮೊದಲ ವಸಂತದಲ್ಲೇ ಒಂದು ಭಾರಿ ಎಡವಟ್ಟು ಮಾಡಿದೆ. ಹುಲ್ಲಿನಲ್ಲಿ ಹೆಬ್ಬಾತುಗಳ ಹಿಂಡು ಮೇಯುತ್ತಿತ್ತು. ಹುರುಪಿನಿಂದ ಬೇಲಿಯ ಕಡೆ ನಿಂತು ಸ್ಕ್ರೀಮರ್ ಹಾರಿಸಿದೆ. ಹಿಂಡು ಎದ್ದಿತು, ಎದ್ದು ನನ್ನಿಂದ ದೂರ ಸರಿಯಲು ನೇರ ರನ್‌ವೇ ಮೇಲೆಯೇ ಹೋಯಿತು. ಅಲ್ಲಿ ಹಾರಲು ಸಿದ್ಧವಾಗಿದ್ದ ಸಣ್ಣ ವಿಮಾನದ ಪೈಲಟ್ ಬ್ರೇಕ್ ಹಿಡಿದು ಕುಳಿತ. ವಿಮಾನಗಳಿಗೆ ದಾರಿ ಹೇಳುವ ಟವರಿನವರು ರೇಡಿಯೋದಲ್ಲಿ, “ನೀಲಾ, ನಿಮ್ಮ ಹಕ್ಕಿಗಳು ಟೇಕಾಫ್‌ಗೆ ಪರ್ಮಿಷನ್ ಕೇಳುತ್ತಿವೆ” ಎಂದರು. ವಾಲ್ಟರ್ ಬೈಯಲಿಲ್ಲ. ಪಕ್ಕಕ್ಕೆ ಬಂದು, “ಓಡಿಸುವುದು ಎಲ್ಲರಿಗೂ ಬರುತ್ತದೆ. ಎಲ್ಲಿಗೆ ಓಡಿಸುತ್ತೀರಿ ಎನ್ನುವುದನ್ನು ಪಿಸ್ತೂಲಿನ ಕುದುರೆ ಎಳೆಯುವ ಮೊದಲು ಯೋಚಿಸಿ” ಎಂದ. ಹೊಸಬರಿಗೆ ನಾನು ಹೇಳುವ ಮೊದಲ ಪಾಠ ಇದೇ. ಹಕ್ಕಿಯನ್ನಲ್ಲ, ಹಕ್ಕಿ ಹೋಗಬೇಕಾದ ದಾರಿಯನ್ನು ನೋಡಿ ನಿಲ್ಲಬೇಕು.

ವಾಲ್ಟರ್ ನಿವೃತ್ತನಾಗುವ ಹೊತ್ತಿಗೆ ಸುತ್ತಲ ಹೊಲಗಳೆಲ್ಲ ಮಾಯವಾಗಿದ್ದವು. ಶ್ರೀಮಂತರೇ ಇರುವ ಕ್ಲೈನ್‌ಬರ್ಗ್ ಕಡೆ ಕಾಣುವಂಥ ದೊಡ್ಡ ದೊಡ್ಡ ಮನೆಗಳು ಬೇಲಿಯವರೆಗೂ ಬಂದವು. ಬಡಾವಣೆಗೊಂದು ಕೊಳ ಬೇಕಲ್ಲ, ಮಳೆನೀರು ಹಿಡಿಯಲು ತೋಡಿದರು. ಕೊಳದ ಸುತ್ತ ಚಂದವಾಗಿ ಹುಲ್ಲುಹಾಸು ಹಾಕಿದರು. ಕತ್ತರಿಸಿದ ಹುಲ್ಲು, ಪಕ್ಕದಲ್ಲೇ ನೀರು. ಹೆಬ್ಬಾತಿಗೆ ಅದು ಮದುವೆ ಮನೆ. ನೂರಾರು ಬಂದು ಕೂತವು.

ಅದೇ ವರ್ಷಗಳಲ್ಲಿ ಟೊರಾಂಟೊ ಕಡೆಯಿಂದ ಗುಂಡು ಹಾರಿದ ಸುದ್ದಿಗಳು ಮೇಲಿಂದ ಮೇಲೆ ಬರುತ್ತಿದ್ದವು. ಪಾರ್ಕಿಂಗ್ ಜಾಗದಲ್ಲಿ, ಅಂಗಡಿಯಲ್ಲಿ, ಹುಟ್ಟುಹಬ್ಬದ ಪಾರ್ಟಿಯಲ್ಲಿ. ನಮ್ಮ ನಗರಸಭೆಯವರು ಬಿಗಿಯಾದೊಂದು ಬೈಲಾ, ಅಂದರೆ ಊರಿನ ಮಟ್ಟಿನ ಕಾನೂನು, ಮಾಡಿದರು. ಊರಿನ ಗಡಿಯೊಳಗೆ ಯಾರೂ ಯಾವುದೇ ಬಂದೂಕಾಗಲಿ, ಮದ್ದಿನಿಂದ ಏನನ್ನಾದರೂ ಹಾರಿಸುವ ಯಾವುದೇ ಸಾಧನವಾಗಲಿ ಬಳಸುವಂತಿಲ್ಲ. ಪೊಲೀಸರಿಗೆ ಮಾತ್ರ ವಿನಾಯಿತಿ. ಆ ದಿನ ನಾನೂ ಚಪ್ಪಾಳೆ ಹೊಡೆದವಳೇ. ನನ್ನ ಮಗಳು ಪಲ್ಲವಿ ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಬಸ್ಸಿಗೆ ನಿಲ್ಲುತ್ತಿದ್ದ ಕಾಲ ಅದು. ಆದರೆ “ಯಾವುದೇ ಸಾಧನ” ಎಂಬ ಮಾತಿನೊಳಗೆ ನನ್ನ ಪಟಾಕಿ ಪಿಸ್ತೂಲೂ ಬಂದು ಬಿದ್ದಿದೆ ಎಂದು ನನಗಾಗಲಿ, ಬೈಲಾ ಬರೆದವರಿಗಾಗಲಿ ಹೊಳೆದಿರಲಿಲ್ಲ.

ಹೊಳೆಯುವಂತೆ ಮಾಡಿದವನು ಹರ್ಜೀತ್. ನಗರಸಭೆಯ ಬೈಲಾ ಆಫೀಸರ್, ಬೆಳೆದ ಹುಲ್ಲಿಗೂ ತೆಗೆಯದ ಹಿಮಕ್ಕೂ ನೋಟಿಸ್ ಕೊಡುವ ಕೆಲಸ ಅವನದು. ಒಂದು ದಿನ ಗೇಟಿಗೆ ಬಂದು ಟರ್ಬನ್ ಸರಿಮಾಡಿಕೊಂಡು, “ಆಂಟಿ ಜೀ, ನಿಮ್ಮ ಬಗ್ಗೆ ಕಂಪ್ಲೇಂಟ್ ಇದೆ. ಪಕ್ಕದ ಸ್ಟ್ರೀಟಿನ ಒಬ್ಬ ಲೇಡಿ ದಿನಾ ಫೋನ್ ಮಾಡ್ತಾರೆ. ಢಂ ಢಂ ಸೌಂಡ್” ಎಂದ.

“ಬೇಟಾ, ಇದು ಏರ್‌ಪೋರ್ಟ್. ನಾನು ಹಕ್ಕಿ ಓಡಿಸ್ತೀನಿ.”

“ನನಗೆ ಅರ್ಥ ಆಗುತ್ತೆ ಆಂಟಿ ಜೀ. ಆದರೆ ಬೈಲಾದಲ್ಲಿ ಏರ್‌ಪೋರ್ಟ್ ಅನ್ನೋ ಪದ ಇಲ್ಲ. ಹಾರಿಸಿದವರ ಹೆಸರಿಗೇ ದಂಡದ ಟಿಕೆಟ್ ಬರೀಬೇಕು. ಮಾಡಿಸಬೇಡಿ ನನ್ನ ಕೈಲಿ.”

ಆಗ ನಮ್ಮ ಮ್ಯಾನೇಜರ್ ಕ್ಯಾರೊಲ್. ಕೆಟ್ಟವಳಲ್ಲ, ಹೆದರುವವಳು. ವಕೀಲರನ್ನು ಕೇಳಿ ತೀರ್ಮಾನಿಸುವವರೆಗೆ ಪಿಸ್ತೂಲನ್ನೂ ಬಂದೂಕನ್ನೂ ಕಪಾಟಿನಲ್ಲಿ ಇಡಿ, ತೀರಾ ಅನಿವಾರ್ಯವಾದರೆ ಮಾತ್ರ ಹೊರತೆಗೆಯಿರಿ ಎಂದಳು. ನಾನು ಪೆಪ್ಪರ್ ಎಂಬ ನಮ್ಮ ನಾಯಿಯನ್ನೂ, ಟ್ರಕ್ಕಿನ ಹಾರನ್ನನ್ನೂ ನಂಬಿ ಕೆಲಸ ಮಾಡಿದೆ. ನಾಯಿ ಜಾಣ. ಆದರೆ ಹೆಬ್ಬಾತು ಅದಕ್ಕಿಂತ ಜಾಣ. ಟ್ರಕ್ಕಿನ ಹಾರನ್ನಿನಿಂದ ಏನೂ ಆಗುವುದಿಲ್ಲ ಎಂದು ಒಂದು ವಾರದಲ್ಲಿ ಕಲಿತುಕೊಂಡವು. ನಾನು ಹಾರನ್ ಹೊಡೆದರೆ ಕುತ್ತಿಗೆ ಎತ್ತಿ ನೋಡಿ, ಮತ್ತೆ ಮೇಯುತ್ತಿದ್ದವು.

ಆ ಶರತ್ಕಾಲದ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಮಂಜು ಸರಿದು ಬಿಸಿಲು ಬಿದ್ದಿತ್ತು. ಟವರಿನಿಂದ ರೇಡಿಯೋ ಬಂತು. ಏರ್ ಆಂಬುಲೆನ್ಸ್ ಇಳಿಯುತ್ತಿದೆ, ಒಳಗೆ ರೋಗಿ ಇದ್ದಾರೆ, ರನ್‌ವೇ ಒಮ್ಮೆ ನೋಡಿ ಎಂದರು. ನೋಡಿದೆ, ಖಾಲಿ ಇತ್ತು. ಹಾಗೆಂದು ಹೇಳಿ ತಿರುಗುವಷ್ಟರಲ್ಲಿ ಬಡಾವಣೆಯ ಕೊಳದಲ್ಲಿ ಯಾರದೋ ಸಾಕುನಾಯಿ ನೀರಿಗೆ ಹಾರಿತು. ಇಡೀ ಹಿಂಡು ಒಮ್ಮೆಗೇ ಎದ್ದಿತು. ಎದ್ದು ಬೇಲಿಯ ಮೇಲೆ ಹಾದು, ವಿಮಾನ ಇಳಿಯುವ ದಾರಿಗೆ ಅಡ್ಡವಾಗಿ ಬರತೊಡಗಿತು. ವಿಮಾನ ಆಗಲೇ ಚಕ್ರ ಬಿಟ್ಟು ತಗ್ಗಿಗೆ ಬಂದಿತ್ತು. ಟವರಿಗೆ ಕೂಗಿ ಹೇಳಿದೆ. ಆದರೆ ಮತ್ತೆ ಮೇಲೇರು ಎಂದರೆ ಅದು ಏರುವುದೂ ಹಿಂಡಿನ ನಡುವೆಯೇ ಎಂಬುದು ನನ್ನ ಕಣ್ಣಿಗೆ ಕಾಣುತ್ತಿತ್ತು.

ತೀರಾ ಅನಿವಾರ್ಯವಾದರೆ ಬೇಕಾದೀತೆಂದು ಆ ಬೆಳಿಗ್ಗೆ ಕಪಾಟಿನಿಂದ ತೆಗೆದಿಟ್ಟುಕೊಂಡಿದ್ದ ಪಿಸ್ತೂಲು ಸೀಟಿನ ಪಕ್ಕದ ಪೆಟ್ಟಿಗೆಯಲ್ಲಿತ್ತು. ಬೈಲಾ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು, ಹರ್ಜೀತನ ಮುಖವೂ ನೆನಪಾಯಿತು. ಹಿಂಡಿಗಿಂತ ಮುಂದೆ ಹೋಗಬೇಕೆಂದು ಟ್ರಕ್ಕನ್ನು ಹುಲ್ಲಿನ ಮೇಲೆಯೇ ಓಡಿಸಿದೆ. ರನ್‌ವೇಗೂ ಹಿಂಡಿಗೂ ನಡುವೆ ನಿಂತು, ಇಳಿದು, ಮುಂದಾಳು ಹಕ್ಕಿಯ ಎದುರಿಗೆ ಎತ್ತರದಲ್ಲಿ ಸಿಡಿಯುವಂತೆ ಹಾರಿಸಿದೆ. ಢಮ್. ಮುಂದಿನವು ತಡವರಿಸಿದವು. ಇನ್ನೊಂದು ಹಾರಿಸಿದೆ. ಹಿಂಡು ನಡುವೆ ಸೀಳಿತು, ಚೀರಾಡುತ್ತ ಬಂದ ದಾರಿಗೇ ತಿರುಗಿತು. ಅವುಗಳ ರೆಕ್ಕೆಯ ಗಾಳಿ ಮುಖಕ್ಕೆ ಬಡಿಯಿತೇನೋ ಅನಿಸುವಷ್ಟು ಹತ್ತಿರ. ಬೆನ್ನ ಹಿಂದೆ ವಿಮಾನದ ಚಕ್ರ ನೆಲ ಮುಟ್ಟಿದ ಸದ್ದು ಕೇಳಿತು. ಹುಲ್ಲಿನ ಮೇಲೆ ಕುಳಿತುಬಿಟ್ಟೆ. ಪೆಪ್ಪರ್ ಬಂದು ಮುಖ ನೆಕ್ಕಿತು.

ಪೈಲಟ್ ಮಾರ್ಕ್ ಎಂಬ ಎಳೆಯ ವಯಸ್ಸಿನವನು. ಇಳಿದವನೇ ನನ್ನ ಟ್ರಕ್ಕಿಗೆ ನಡೆದುಬಂದ. ನನ್ನ ಕೈ ಹಿಡಿದುಕೊಂಡ. ಒಳಗಿದ್ದ ರೋಗಿ ಸೊಂಟ ಮುರಿದುಕೊಂಡ ಒಬ್ಬ ಮುದುಕ, ಉತ್ತರದ ಕಾಡಿನಲ್ಲಿ ಬೇಟೆಯಾಡಿ ಬದುಕಿದವನು. ಅವನನ್ನು ಸ್ಟ್ರೆಚರಿನಲ್ಲಿ ಇಳಿಸುವಾಗ ನರ್ಸ್ ನಡೆದದ್ದನ್ನು ಹೇಳಿದಳಂತೆ. ಮುದುಕ ಕತ್ತು ಹೊರಳಿಸಿ ನನ್ನನ್ನು ನೋಡಿ, “ಎರಡು ಈಡು ಹಾರಿಸಿದೆಯಂತೆ, ಒಂದಾದರೂ ಬಿತ್ತೇ?” ಎಂದು ಕೇಳಿದ. ಇಲ್ಲ ಎಂದೆ. “ಛೆ!” ಎಂದು ತಲೆ ಅಲ್ಲಾಡಿಸಿದ.

ಅದೇ ಮಧ್ಯಾಹ್ನ ಹರ್ಜೀತ್ ಬಂದ. ಮುಖ ಬಾಡಿತ್ತು. ಟಿಕೆಟ್ ನನ್ನ ಹೆಸರಿಗಿತ್ತು. “ಸಾರಿ ಆಂಟಿ ಜೀ. ಆ ಲೇಡಿ ಸೌಂಡ್ ಕೇಳಿ ಬಾತ್‌ರೂಮಲ್ಲಿ ಲಾಕ್ ಮಾಡ್ಕೊಂಡು ಫೋನ್ ಮಾಡಿದ್ರು. ಅಳ್ತಾ ಇದ್ರು. ನಾನು ಬರೀಲೇಬೇಕಾಯ್ತು.”

ಕ್ಯಾರೊಲ್ ಬಾಗಿಲು ಮುಚ್ಚಿ ಕೂರಿಸಿ, “ನೀಲಾ, ದಂಡವನ್ನು ನಾವೇ ಕಟ್ಟುತ್ತೇವೆ. ತಪ್ಪಾಯಿತು ಎಂದು ಸಹಿ ಮಾಡಿ ಮುಗಿಸಿಬಿಡು” ಎಂದಳು. ಮನೆಯಲ್ಲೂ ಅದೇ ಮಾತು.

“ಸುಮ್ನೆ ಒಪ್ಕೊಂಡ್ಬಿಡು ಕಣೇ” ಎಂದರು ಶ್ರೀಕಂಠ. “ರಿಟೈರ್ ಆಗೋ ಹೊತ್ತಲ್ಲಿ ಕೋರ್ಟು ಗೀರ್ಟು ಯಾಕೆ? ನಾಳೆ ನಿನ್ನ ಲೈಸೆನ್ಸಿಗೇ ತೊಂದ್ರೆ ಆದ್ರೆ?”

“ತಪ್ಪು ಮಾಡಿದ್ರ ಒಪ್ಕೋತಿದ್ನಿ. ಮಾಡಿಲ್ಲಲ್ರಿ.”

ಪಲ್ಲವಿ ಲ್ಯಾಪ್‌ಟಾಪಿನಿಂದ ತಲೆ ಎತ್ತಿ, “ಅಮ್ಮ, ಡೋಂಟ್ ಸೈನ್ ಎನಿಥಿಂಗ್” ಎಂದಳು. “ಇಫ್ ಯೂ ಪ್ಲೀಡ್ ಗಿಲ್ಟಿ, ನೆಕ್ಸ್ಟ್ ಟೈಮ್ ಯಾರು ಶೂಟ್ ಮಾಡ್ತಾರೆ? ನೋಬಡಿ.”

ಮಗಳು ಹೇಳಿದ್ದು ನನ್ನ ಎದೆಯೊಳಗಿದ್ದ ಮಾತೇ. ನಾನು ಸಹಿ ಮಾಡಿದರೆ ನನ್ನ ನಂತರ ಆ ಟ್ರಕ್ಕಿನಲ್ಲಿ ಕೂರುವ ಹುಡುಗಿ ಹಿಂಡು ಎದ್ದಾಗ ಒಂದು ಗಳಿಗೆ ಯೋಚಿಸುತ್ತಾಳೆ. ಆ ಒಂದು ಗಳಿಗೆಯಲ್ಲಿ ವಿಮಾನ ಹಿಂಡಿನೊಳಗೆ ಹೋಗಿರುತ್ತದೆ. ಮರುದಿನ ಕ್ಯಾರೊಲ್‌ಗೆ ಹೋಗಿ ಹೇಳಿದೆ. “ಈ ಹಕ್ಕಿಗಳನ್ನು ದೂರ ಇಡಬೇಕು ಎಂದು ದೇಶದ ಕಾನೂನು ನಮಗೆ ಆಜ್ಞೆ ಮಾಡಿದೆ. ದೂರ ಇಟ್ಟರೆ ಊರಿನ ಕಾನೂನು ನನ್ನನ್ನು ಅಪರಾಧಿ ಎನ್ನುತ್ತದೆ. ಯಾವುದನ್ನು ಪಾಲಿಸಲಿ? ನೀವು ವಕೀಲರನ್ನು ಕೊಡದಿದ್ದರೆ ನಾನೊಬ್ಬಳೇ ಹೋಗಿ ನ್ಯಾಯಾಧೀಶರನ್ನೇ ಕೇಳುತ್ತೇನೆ.” ಅವಳು ಕಿಟಕಿಯ ಹೊರಗೆ ನೋಡಿದಳು. ಹೊರಗೆ ಇನ್ನೊಂದು ವಿಮಾನ ಇಳಿಯುತ್ತಿತ್ತು. ಫೋನ್ ಎತ್ತಿ ವಕೀಲರಿಗೆ ಮಾಡಿದಳು. ಒಮ್ಮೆ ನಿರ್ಧಾರ ಮಾಡಿದ ಮೇಲೆ ಅವಳು ಹಿಂದೆ ಸರಿಯಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಕೇಸು ಎರಡು ಸಲ ಮುಂದಕ್ಕೆ ಹೋಯಿತು. ಚಳಿಗಾಲವೆಲ್ಲ ಅದರ ಚಿಂತೆಯಲ್ಲೇ ಕಳೆದೆ. ಅಪರಾಧಿ ಎಂದು ತೀರ್ಮಾನವಾದರೆ ಲೈಸೆನ್ಸ್ ಹೋದೀತು, ಲೈಸೆನ್ಸ್ ಹೋದರೆ ಕೆಲಸವೂ ಹೋದೀತು ಎಂಬ ಭಯ. ಇಲ್ಲಿಯ ಕನ್ನಡ ಬಳಗದ ಸಂಕ್ರಾಂತಿ ಊಟಕ್ಕೆ ಹೋದರೆ, “ನೀಲಕ್ಕಾರ ಮ್ಯಾಲ ಗನ್ ಕೇಸ್ ಐತಂತ” ಎಂದು ಎಳ್ಳುಬೆಲ್ಲದ ಜೊತೆ ಹಂಚುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೋರ್ಟಿನ ದಿನ ಮದುವೆಯಲ್ಲಿ ಉಡುವ ಇಳಕಲ್ ಸೀರೆ ಉಟ್ಟೆ, ಮೇಲೆ ಕೋಟು. ನಮ್ಮ ವಕೀಲೆ ಡಯಾನ್ ಎಂಬ ತೆಳ್ಳನೆಯ ಹೆಂಗಸು. ನಗರಸಭೆಯ ವಕೀಲರು ವಯಸ್ಸಾದವರು, ಸಭ್ಯರು. ಅವರ ವಾದವನ್ನು ನಾನು ತಳ್ಳಿಹಾಕಲಾರೆ. “ಈ ಊರಿನ ಜನ ಗುಂಡಿನ ಸದ್ದಿಗೆ ಹೆದರಿದ್ದಾರೆ. ಅವರನ್ನು ಕಾಪಾಡುವ ಅಧಿಕಾರ ಅವರ ನಗರಸಭೆಗಿದೆ. ಒಬ್ಬರಿಗೆ ಬಾಗಿಲು ತೆರೆದರೆ ನಾಳೆ ಹತ್ತು ಜನ ತಮಗೂ ಕಾರಣವಿದೆ ಎನ್ನುತ್ತಾರೆ” ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ನಿಮ್ಮ ಹತ್ತಿರ ತರಬೇತಾದ ನಾಯಿ ಇದೆ ಅಲ್ಲವೇ?”

“ಇದೆ.”

“ಒಳ್ಳೆಯ ನಾಯಿಯೇ?”

“ಬಹಳ ಒಳ್ಳೆಯದು.”

“ಹಾಗಾದರೆ ಅದನ್ನು ಏಕೆ ಬಿಡಲಿಲ್ಲ?”

“ಹಿಂಡು ಆಕಾಶದಲ್ಲಿತ್ತು ಸರ್. ನಾಯಿ ನೆಲದಲ್ಲಿತ್ತು.”

ಕೋರ್ಟಿನಲ್ಲಿ ನಗೆ ಎದ್ದಿತು, ಅವರೂ ನಕ್ಕು ಕುಳಿತರು. ಮಾರ್ಕ್ ಬಂದು ಸಾಕ್ಷಿ ಹೇಳಿದ. ತನ್ನ ಗಾಜಿನ ತುಂಬ ಹಕ್ಕಿಗಳಿದ್ದವು, ಎರಡು ಹೊಗೆಯ ಉಂಡೆ ಕಂಡವು, ಆಮೇಲೆ ಗಾಜಿನಲ್ಲಿ ರನ್‌ವೇ ಮಾತ್ರ ಇತ್ತು ಎಂದ. ಇಷ್ಟೇ ಹೇಳಿದ್ದು.

ಡಯಾನ್ ಎದ್ದು ನಿಂತು, ಊರಿನ ಬೈಲಾ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ ಎಂದೇ ಶುರುಮಾಡಿದಳು. ವಿಮಾನಯಾನದ ಸುರಕ್ಷತೆ ಪಾರ್ಲಿಮೆಂಟಿನ ಅಧಿಕಾರಕ್ಕೆ ಸೇರಿದ್ದು. ಹಕ್ಕಿಗಳ ಅಪಾಯ ತಡೆಯಬೇಕೆಂದು ದೇಶದ ನಿಯಮ ನಿಲ್ದಾಣಕ್ಕೆ ಹೊಣೆ ಹೊರಿಸಿದೆ. ಆ ಬೆಳಿಗ್ಗೆ ಈ ಮಹಿಳೆ ಒಂದು ಕಾನೂನನ್ನು ಪಾಲಿಸಬೇಕಾದರೆ ಇನ್ನೊಂದನ್ನು ಮುರಿಯಲೇಬೇಕಿತ್ತು. ಎರಡು ಕಾನೂನು ಹೀಗೆ ಡಿಕ್ಕಿ ಹೊಡೆದಾಗ ಊರಿನದ್ದು ದಾರಿ ಬಿಡಬೇಕು ಎಂದು ವಾದಿಸಿದಳು.

ನ್ಯಾಯಾಧಿಕಾರಿ ಕನ್ನಡಕ ತೆಗೆದು ಒರೆಸಿ ತೀರ್ಪು ಓದಿದರು. ಬೈಲಾ ಊರಿನಲ್ಲೆಲ್ಲ ಹಾಗೇ ಇರುತ್ತದೆ, ಇರಬೇಕಾದದ್ದೇ. ಆದರೆ ನಿಲ್ದಾಣದ ಬೇಲಿಯೊಳಗೆ, ವಿಮಾನಗಳ ಸುರಕ್ಷತೆಗಾಗಿ ಮಾಡುವ ಈ ಕೆಲಸಕ್ಕೆ ಅದರ ಕೈ ನಿಲುಕುವುದಿಲ್ಲ. ಆರೋಪ ವಜಾ. ಆಮೇಲೆ ಕಾಗದದಿಂದ ತಲೆ ಎತ್ತಿ, “ಮೇಡಂ, ನೀವು ಕೆಲಸಕ್ಕೆ ಹೋಗಬಹುದು” ಎಂದರು.

ಏನು ಹೇಳಲಿ! ಗೆದ್ದೆ ಎಂಬ ಖುಷಿ ಅಂಗಾಲಿನಿಂದ ನೆತ್ತಿಗೇರಿತು. ಪಲ್ಲವಿ ಹಿಂದಿನ ಬೆಂಚಿನಲ್ಲಿ ಸಿಳ್ಳೆ ಹಾಕಿ ಗುಮಾಸ್ತನಿಂದ ಬೈಸಿಕೊಂಡಳು. ಶ್ರೀಕಂಠ ಕಣ್ಣೊರೆಸಿಕೊಳ್ಳುತ್ತ, “ನಾನು ಮೊದಲಿಂದ್ಲೂ ಹೇಳ್ತಿದ್ನಲ್ಲ, ಫೈಟ್ ಮಾಡು ಅಂತ” ಎಂದರು. ನಾನು ತಿರುಗಿ ನೋಡಿದ ಕೂಡಲೇ ಸುಮ್ಮನಾದರು. ಕ್ಯಾರೊಲ್ ನನ್ನನ್ನು ತಬ್ಬಿಕೊಂಡಳು. ಟಿಕೆಟ್ ಬರೆದ ಹರ್ಜೀತನೇ ಓಡಿಬಂದು ಕಾಲು ಮುಟ್ಟಿದ. “ಆಂಟಿ ಜೀ, ಕೇಸ್ ಸೋತು ಇಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.”

ಆ ಸಂಭ್ರಮದ ನಡುವೆ ಒಬ್ಬ ಹೆಂಗಸು ಗೋಡೆಗೊರಗಿ ನಿಂತಿದ್ದಳು. ಕಪ್ಪು ಉಡುಪು, ಬೆಳ್ಳಗಾದ ತಲೆ. ಹರ್ಜೀತ್ ಮೆಲ್ಲಗೆ, ಅವರೇ ಕಂಪ್ಲೇಂಟ್ ಮಾಡಿದವರು ಎಂದ. ಹತ್ತಿರ ಹೋದೆ. ಹೆಸರು ಮರಿಯಾ, ಪೋರ್ಚುಗಲ್ ಕಡೆಯವಳು. ಟೊರಾಂಟೊದ ಎಟೋಬಿಕೋದಲ್ಲಿ ಅವಳೂ ಗಂಡನೂ ಬೇಕರಿ ಇಟ್ಟಿದ್ದರು. ಒಂದು ಸಂಜೆ ಗಲ್ಲಾ ಪೆಟ್ಟಿಗೆಗಾಗಿ ಬಂದ ಇಬ್ಬರು ಗಂಡನಿಗೆ ಗುಂಡು ಹೊಡೆದು ಕೊಂದರು. ಅವಳು ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುತ್ತಿದ್ದಳಂತೆ. ಅಂಗಡಿ ಮಾರಿ, ಸದ್ದಿಲ್ಲದ ಜಾಗ ಹುಡುಕಿಕೊಂಡು ಮಗನ ಹೊಸ ಮನೆಗೆ ಬಂದಿದ್ದಳು. ನಗರಸಭೆಯ ಮುಂದೆ ನಿಂತು ಆ ಬೈಲಾ ಬೇಕೇ ಬೇಕು ಎಂದು ಮಾತಾಡಿದವರಲ್ಲಿ ಅವಳೂ ಒಬ್ಬಳು.

“ನೀನು ಸರಿ. ವಿಮಾನದಲ್ಲಿ ಮನುಷ್ಯ ಇದ್ದ, ಗೊತ್ತಾಯಿತು” ಎಂದಳು, ಹರುಕು ಇಂಗ್ಲಿಷಿನಲ್ಲಿ. “ಆದರೆ ನನ್ನ ಕಿವಿ? ಅದು ಕೋರ್ಟಿನ ಮಾತು ಕೇಳುವುದಿಲ್ಲ.”

ಅವಳ ಎರಡೂ ಕೈ ಹಿಡಿದುಕೊಂಡು, “ಒಂದು ದಿನ ಬಾ, ನನ್ನ ಟ್ರಕ್ಕಿನಲ್ಲಿ ಕೂತು ನೋಡು” ಎಂದೆ.

ಬರಲಾರಳು ಅಂದುಕೊಂಡಿದ್ದೆ, ಬಂದಳು. ಒಂದು ಚೀಲ ಬ್ರೆಡ್ಡು ತಂದಿದ್ದಳು, ಇನ್ನೂ ಬಿಸಿ. ಕ್ಯಾರೊಲ್ ಪರವಾನಗಿ ಕೊಟ್ಟಳು. ಬೇಲಿಯುದ್ದಕ್ಕೂ ಸುತ್ತಿಸಿದೆ. ಪಟಾಕಿಯ ಕೊಳವೆಯನ್ನು ಅವಳ ಅಂಗೈಯಲ್ಲಿಟ್ಟೆ. “ಇಷ್ಟೇನಾ?” ಎಂದಳು. ಪೆಪ್ಪರ್ ಅವಳ ಮಡಿಲಲ್ಲಿ ತಲೆಯಿಟ್ಟಿತು. ಕೊಳದ ಎದುರು ನಿಲ್ಲಿಸಿದಾಗ ಅವಳು ಕತ್ತರಿಸಿದ ಹುಲ್ಲನ್ನೂ ಹೆಬ್ಬಾತುಗಳನ್ನೂ ನೋಡಿ, “ಊಟಕ್ಕೆ ಕರೆದು ಆಮೇಲೆ ಪಟಾಕಿ ಹೊಡೆಯುವುದೇ? ಊಟವನ್ನೇ ನಿಲ್ಲಿಸಿ” ಎಂದಳು.

ಎಷ್ಟೋ ದಿನದಿಂದ ನಾವು ನಗರಸಭೆಗೆ ಕೇಳುತ್ತಿದ್ದದ್ದೂ ಅದೇ. ಕೊಳದ ದಂಡೆಯಲ್ಲಿ ಎತ್ತರದ ಹುಲ್ಲು, ಪೊದೆ ಬೆಳೆಸಿದರೆ ನರಿ ಅಡಗಿರಬಹುದೆಂಬ ಅನುಮಾನಕ್ಕೆ ಹೆಬ್ಬಾತು ಅಲ್ಲಿ ಇಳಿಯುವುದಿಲ್ಲ. ನಿಲ್ದಾಣ ಕೇಳಿದಾಗ ಅಲುಗಾಡದ ಕಾಗದ ಮರಿಯಾ ಕೇಳಿದಾಗ ಅಲುಗಾಡಿತು. ಬೈಲಾಕ್ಕಾಗಿ ಮಾತಾಡಿದ ಅದೇ ಸಭೆಯಲ್ಲಿ ನಿಂತು ಅವಳು, “ಕಾನೂನು ಕೊಟ್ಟಿರಿ, ಥ್ಯಾಂಕ್ಯೂ. ಈಗ ಪೊದೆ ಕೊಡಿ” ಎಂದಳು. ಹರ್ಜೀತ್ ಒಳಗಿನಿಂದ ಫೈಲು ತಳ್ಳಿದ. ವಸಂತದಲ್ಲಿ ಗಿಡ ನೆಟ್ಟರು. ಬಡಾವಣೆಯವರೂ ಬಂದು ನೆಟ್ಟರು. ನಾವೂ ರೀತಿ ಬದಲಿಸಿದೆವು. ರನ್‌ವೇ ಪಕ್ಕದ ಹುಲ್ಲನ್ನು ಉದ್ದ ಬಿಟ್ಟೆವು, ಮುಂಜಾವಿಗೆ ಹಸಿರು ಲೇಸರ್ ದೀಪ ಬಳಸಿದೆವು, ಇನ್ನೊಂದು ನಾಯಿ ತಂದೆವು. ಪಟಾಕಿ ಹಾರಿಸುವ ಹಕ್ಕು ಕೋರ್ಟಿನಲ್ಲಿ ಗೆದ್ದ ಮೇಲೆಯೇ ನಾನು ಅತ್ಯಂತ ಕಡಿಮೆ ಪಟಾಕಿ ಹಾರಿಸಿದ್ದು. ಹೊಸಬರೇ, ಇದನ್ನು ತಮಾಷೆ ಅಂದುಕೊಳ್ಳಬೇಡಿ. ಹಾರಿಸಬಹುದು ಎಂಬ ಧೈರ್ಯ ಇದ್ದವರು ಮಾತ್ರ ಹಾರಿಸದೆ ಇರುವ ಉಪಾಯ ಹುಡುಕಲು ನಿರಾಳವಾಗಿ ಕೂರಬಲ್ಲರು. ಹೆದರಿಕೊಂಡವರ ಕೈಯಲ್ಲಿ ಯಾವ ಉಪಾಯವೂ ಹುಟ್ಟುವುದಿಲ್ಲ.

ನನ್ನ ಕೊನೆಯ ಶರತ್ಕಾಲದಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು. ಮರಿಯಾ. ಈಗ ಅವಳೇ ನಮಗೆ ಸುದ್ದಿ ಕೊಡುತ್ತಿದ್ದಳು.

“ನೀಲಾ, ನಿನ್ನ ನೆಂಟರು ಬಂದಿದ್ದಾರೆ. ಬಹಳ. ಪೊದೆಗೂ ಹೆದರುತ್ತಿಲ್ಲ, ದಕ್ಷಿಣಕ್ಕೆ ಹೊರಟವರು, ಸುಸ್ತಾಗಿದ್ದಾರೆ.”

ಹೋಗಿ ನೋಡಿದೆ. ನಿಜ. ಹಿಂಡಿನ ಅರ್ಧ ಬೇಲಿ ದಾಟಿ ನಮ್ಮ ಹುಲ್ಲಿಗೆ ಇಳಿದಿತ್ತು. ನಾಯಿಗಳು ಓಡಿಸಿದರೂ ಸುತ್ತು ಹೊಡೆದು ಮತ್ತೆ ಅಲ್ಲೇ ಇಳಿಯುತ್ತಿದ್ದವು. ಉತ್ತರದಿಂದ ಒಂದು ವಿಮಾನ ಬರುವುದಿತ್ತು. ನಾನು ಮರಿಯಾಗೆ ತಿರುಗಿ ಫೋನ್ ಮಾಡಿದೆ.

“ಎರಡು ಹಾರಿಸಬೇಕಾಗಿದೆ. ಒಳಗೆ ಹೋಗಿ ರೇಡಿಯೋ ಜೋರಾಗಿ ಹಾಕಿಕೋ. ನೀನು ಹೂಂ ಅಂದ ಮೇಲೆ ಹಾರಿಸುತ್ತೇನೆ.”

ಬೇಲಿಯಾಚೆ, ಅವಳ ಮನೆಯ ಹಿಂದಿನ ಮರದ ಜಗಲಿಯ ಬಾಗಿಲು ತೆರೆಯಿತು. ಮರಿಯಾ ಹೊರಗೆ ಬಂದಳು. ಏಪ್ರನ್ ಕಟ್ಟಿದ್ದಳು, ಕಿವಿಗೆ ಫೋನ್ ಇತ್ತು. ಮೆಟ್ಟಿಲ ತುದಿಯಲ್ಲಿ ನಿಂತು ಕಟಕಟೆಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

“ಹಾರಿಸು” ಎಂದಳು. “ನಾನು ಇಲ್ಲೇ ನಿಂತಿರುತ್ತೇನೆ.”

ಹಾರಿಸಿದೆ. ಎರಡೂ ಸಿಡಿದವು. ಹಿಂಡು ಎದ್ದು, ದೊಡ್ಡದೊಂದು ಸುತ್ತು ಹಾಕಿ, ಸಾಲುಗಟ್ಟಿ ದಕ್ಷಿಣಕ್ಕೆ ಹೋಯಿತು. ಹೊಗೆ ಕರಗಿದ ಮೇಲೆ ಬೇಲಿಯಾಚೆ ನೋಡಿದೆ. ಅವಳು ಒಳಗೆ ಹೋಗಿರಲಿಲ್ಲ. ಹೋಗುತ್ತಿದ್ದ ಹಕ್ಕಿಗಳ ಕಡೆ ಕತ್ತೆತ್ತಿ, ಹಿಟ್ಟು ಮೆತ್ತಿದ ಕೈಯನ್ನು ಎತ್ತರಕ್ಕೆ ಎತ್ತಿ ಬೀಸುತ್ತಿದ್ದಳು.